ಹಳೇ ಲಾರಿಯ ನೀಲಿ ಹೊಗೆ

ಲಾರಿ ಮತ್ತೆ ನೀಲಿ ಹೊಗೆ ಉಗುಳಿದ್ದನ್ನು ಕಂಡು ಮೆಕ್ಯಾನಿಕ್ ಕೈಲಿದ್ದ ಸ್ಪ್ಯಾನರ್ ಎಸೆದ. ಹೋದ ತಿಂಗಳಷ್ಟೇ ಈ ಹಳೇ ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗು ಬದಲಿಸಿದ್ದ. ಆದರೂ ಆಯಿಲ್ ಸುಟ್ಟ ಕಮಟು ವಾಸನೆ ಶೆಡ್ ತುಂಬ.

"ರಾತ್ರಿ ಓಡಿಸೋನು ಆಯಿಲ್ ಕಡೆ ಕಣ್ಣೆತ್ತಿಯೂ ನೋಡಲ್ಲ. ಅವನಿಗೆ ಸ್ವಲ್ಪ ಬುದ್ಧಿ ಹೇಳಿ," ಎಂದ ಅಣ್ಣ. "ಹಗಲು ಓಡಿಸೋ ದೊಡ್ಡ ಮನುಷ್ಯರು ನೋಡ್ತಾರಾ, ಕೇಳಿ," ಎಂದ ತಮ್ಮ, ಲಾರಿಯ ಆಚೆ ಬದಿಯಿಂದ. ಒಂದೇ ಲಾರಿಯನ್ನು ಹಗಲು-ರಾತ್ರಿ ಪಾಳಿಯಲ್ಲಿ ಓಡಿಸುವ ಈ ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು ವರ್ಷವಾಗಿತ್ತು.

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಮೆಕ್ಯಾನಿಕ್ ಸಿಡುಕುತ್ತಲೇ ಆಯಿಲ್ ಅಳೆಯುವ ಕಡ್ಡಿ ಎಳೆದ. ಒರೆಸಿ, ಅದ್ದಿ, ಮತ್ತೆ ಎಳೆದ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಮೂರು ಬೆರಳು ಏರಿತ್ತು. "ಹೀಗೆ ಕಂಠಪೂರ್ತಿ ತುಂಬಿದ್ರೆ ಹೊಗೆ ಬರದೆ ಇನ್ನೇನು ಬರುತ್ತೆ? ಯಾರ್ರೀ ಸುರಿದಿದ್ದು?"

"ಅವನು ಹಾಕಲ್ವಲ್ಲ ಅಂತ, ಹೊಗೆ ಕಂಡಾಗಲೆಲ್ಲ ನಾನೇ ಹಾಕ್ತಿದ್ದೆ," ಅಣ್ಣ ಗೊಣಗಿದ.

ತಮ್ಮ ಸೀಟಿನ ಹಿಂದಿನಿಂದ ತಾನು ಬಚ್ಚಿಟ್ಟಿದ್ದ ಆಯಿಲ್ ಡಬ್ಬ ಎತ್ತಿ ತಂದು ನಡುವೆ ಇಟ್ಟ. ಅದರಲ್ಲಿ ತಳ ಮುಚ್ಚುವಷ್ಟು ಮಾತ್ರ ಉಳಿದಿತ್ತು.

ಅಣ್ಣ ಅಭ್ಯಾಸಬಲದಿಂದ ಮೆಕ್ಯಾನಿಕ್ ಕಡೆ ತಿರುಗಿದವನು ಅರ್ಧಕ್ಕೇ ನಿಂತು ತಮ್ಮನ ಕಡೆ ನೋಡಿದ.

"ನೀನೂ ಹಾಕ್ತಿದ್ಯೇನೋ?"