ಎಲುಬಿಗೆ ಒಪ್ಪಿಗೆಯಾಗದ ಸಾಲು

ಗಣಿತಜ್ಞ ಬೆಳವಡಿಯವರು ಹಲಗೆಯ ಮೇಲೆ ಪ್ರಮೇಯದ ಸಾಧನೆಯನ್ನು ಸಾಲುಸಾಲಾಗಿ ಬರೆಯುತ್ತ ಹೋದಂತೆ, ಗಾಜಿನ ಜಾಡಿಯಲ್ಲಿ ಎಲುಬು ಬೆಳೆಯುತ್ತಿತ್ತು. ಧಾರವಾಡದಲ್ಲಿ ಈಗ ಎಲುಬು ಬೆಳೆಸುವುದೇ ಹೀಗೆ. ಹದಿನಾಲ್ಕನೆಯ ಸಾಲಿಗೆ ಅದು ನಿಂತುಬಿಟ್ಟಿತು. ನಡುವೆ ಕೂದಲೆಳೆಯಷ್ಟು ಬಿರುಕು. ಅಂದು ಮಧ್ಯಾಹ್ನವೇ ಅದನ್ನು ಕಬಡ್ಡಿ ಆಟಗಾರ್ತಿ ನೀಲವ್ವನ ಮುರಿದ ಕಾಲಿಗೆ ಕೂಡಿಸಬೇಕಿತ್ತು.

"ಸರ್, ಇಲ್ಲಿ 'ಇದು ಸ್ಪಷ್ಟ' ಅಂತ ಬರದು ಮುಂದ ಹೋಗೀರಿ," ಎಂದಳು ಜೀವವಿಜ್ಞಾನಿ ಮೆಹಜಬೀನ್.

"ಸ್ಪಷ್ಟನ ಅದ ಬಿಡವಾ!"

"ಎಲುಬಿಗೆ ಸ್ಪಷ್ಟ ಆಗಿಲ್ರೀ."

ಬೆಳವಡಿಯವರು ಸೀಮೆಸುಣ್ಣ ಎತ್ತಿ, ಹಾಗೇ ಇಳಿಸಿ ಜಾಡಿಯ ಬಳಿ ಬಂದರು. "ನಮ್ಮ ಗುರುಗಳೂ ಇಲ್ಲಿ ಹಿಂಗ ಬರೀತಿದ್ರು. ನಾ ಯಾಕಂತ ಕೇಳಿರಲೇ ಇಲ್ಲ."

ಮೆಹಜಬೀನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. "ಸರ್, ಜೀವಕೋಶಗಳು ಬಿರುಕನ್ನ ನೇರ ದಾಟವಲ್ವು. ಎಡಕ್ಕ ಸುತ್ತು ಹಾಕಿ ದಾರಿ ಹುಡುಕಾಕತ್ತಾವು!"

"ಎಡಕ್ಕ? ತಡಿ, ತಡಿ! ಸಾಧನೆನೂ ಹಂಗ ಸುತ್ತಿ ಬರಬೇಕು!"

ಅವರು ಹಲಗೆಗೆ ಹಾರಿಯೇ ಹೋದರು. ಬಿಟ್ಟುಹೋದ ಆ ಒಂದು ಹೆಜ್ಜೆಗೆ ಏಳು ಸಾಲು ಬೇಕಾಯಿತು. ಏಳನೆಯದು ಮುಗಿಯುತ್ತಲೇ ಬಿರುಕು ಕೂಡಿಕೊಂಡಿತು.

ಮೆಹಜಬೀನ್ ಚಪ್ಪಾಳೆ ತಟ್ಟಿದಳು. ಬೆಳವಡಿಯವರು 'ಇದು ಸ್ಪಷ್ಟ' ಎಂಬುದನ್ನು ಅಳಿಸಿ, ಜಾಡಿಯತ್ತ ಬಗ್ಗಿ ವಿನಯದಿಂದ ಕೇಳಿದರು:

"ಈಗ ಸ್ಪಷ್ಟ ಆತಲ್ರೀ?"