ಲೆಕ್ಕಕ್ಕೆ ಬಂದ ಬೆಕ್ಕು

ಬೆಕ್ಕಿನಾಣೆ, ಇದು ನಡೆದದ್ದು.

"ಮಿಯಾಂವ್."

ದನಿ ಬಂದದ್ದು 'ಲೇಡಿ ಎನಿಡ್' ಹಾಯಿದೋಣಿಯ ಹಿಂಬದಿಯಿಂದ. ದೋಣಿ ಕಟ್ಟುವ ಧಕ್ಕೆಯ ಮೇಲೆ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಅಲೋಶಿಯಸ್ ಮೇಷ್ಟ್ರು ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ಒತ್ತಿ ಬರೆದುಕೊಂಡರು: ಬೆಕ್ಕು, ಒಂದು.

"ನಮ್ಮಲ್ಲಿ ಬೆಕ್ಕಿಲ್ಲ ಮೇಷ್ಟ್ರೇ," ಎಂದಳು ಚುಕ್ಕಾಣಿ ಹಿಡಿದಿದ್ದ ವರ್ನಾ. "ಈ ಸಾರ್ಜೆಂಟ್ ನಾಯಿ ಇರೋ ಕಡೆ ಬೆಕ್ಕು ಉಳಿಯತ್ತಾ?"

"ನಂಗೆ ಕಣ್ಣು ಹೋಗಿದೆ ಮಗಳೇ, ಕಿವಿ ಹೋಗಿಲ್ಲ. ಬರೆದಾಯ್ತು. ಐದು ಜನ, ಒಂದು ನಾಯಿ, ಒಂದು ಬೆಕ್ಕು. ಏಳು ಉಸಿರು. ಏಳೂ ವಾಪಸ್ ಬರ್ಬೇಕು."

ಕಾರಿಯಾಕೂ ದ್ವೀಪದ ಆ ಕೇರಿಯಲ್ಲಿ ದೋಣಿಪಂದ್ಯಕ್ಕೆ ಇದ್ದದ್ದು ಒಂದೇ ನಿಯಮ. ದೋಣಿ ಹಗುರವಾಗಲು ಮರಳುಮೂಟೆ ಎಸೆಯಬಹುದು. ಉಸಿರಾಡುವ ಯಾವುದನ್ನೂ ಎಸೆಯುವಂತಿಲ್ಲ. ಹಿಂದೆ ಗೆಲ್ಲುವ ಆತುರಕ್ಕೆ ಕೊನೆಯ ಮೈಲಿಯಲ್ಲಿ ಆಳುಗಳನ್ನೇ ನೀರಿಗೆ ದಬ್ಬಿದವರಿದ್ದರು. ಸರಕಿನ ದೋಣಿಯಲ್ಲಿ ಇಲಿ ಹಿಡಿಯುವ ಬೆಕ್ಕು, ಲಂಗರು ಹಾಕಿದಾಗ ಕಾಯುವ ನಾಯಿ, ಇವೂ ಆಳುಗಳೇ. ಅವಕ್ಕೂ ಹಾಜರಿ. ಹೊರಡುವಾಗೊಮ್ಮೆ, ಬಂದ ಮೇಲೊಮ್ಮೆ. ಕಣ್ಣಿಗೆ ಪೊರೆ ಬಂದಂದಿನಿಂದ ಮೇಷ್ಟ್ರು ಬರೀ ದನಿ ಕೇಳಿ ಗುರುತು ಹಾಕುತ್ತಿದ್ದರು. ಒಂದು ಉಸಿರು ಕಮ್ಮಿ ಬಿದ್ದರೂ ಸೋಲು.

ಮೈಗೆ ಮೈ ತಾಗಿಸಿ ನಿಂತಿದ್ದ ಪಕ್ಕದ ದೋಣಿಯಿಂದ ವರ್ನಾಳ ದೊಡ್ಡಪ್ಪನ ಮಗ ಆಸ್ಬರ್ಟ್ ಕೂಗಿದ: "ಎಲ್ಲರಿಗೂ ಬೆಕ್ಕು ಅಡ್ಡ ಹೋಗತ್ತೆ ತಂಗಿ. ನಿಂಗೆ ಒಳಗೇ ಬಂದು ಕೂತಿದೆ."

ಅವನ ತಮ್ಮ ಲೆನಾಕ್ಸ್ ಆಚೆ ಮುಖ ಮಾಡಿಕೊಂಡು ಹಗ್ಗ ಬಿಚ್ಚುತ್ತಿದ್ದ.

ವರ್ನಾಳ ಅಪ್ಪ ಸತ್ತ ಮೇಲೆ 'ಲೇಡಿ ಎನಿಡ್' ಯಾರ ಪಾಲಿಗೆ ಎನ್ನುವುದೇ ಆ ಮನೆತನದ ಜಗಳ. ಕಟ್ಟಿದವನ ಮಗಳಿಗೋ, ವಂಶದ ಹಿರಿಗಂಡು ಆಸ್ಬರ್ಟ್‌ಗೋ? ಹಿರಿಯರು ಬೇಸತ್ತು ತೀರ್ಮಾನಿಸಿದ್ದರು: ಈ ಪಂದ್ಯ ಗೆದ್ದವರಿಗೆ.

ಗುಂಡು ಹಾರಿತು.

ಮೊದಲರ್ಧ 'ಲೇಡಿ ಎನಿಡ್'ದೇ ಮುನ್ನಡೆ. ಆದರೆ ವರ್ನಾಳ ಕಣ್ಣು ಹಾಯಿಯ ಮೇಲೆ ನಿಲ್ಲುತ್ತಿರಲಿಲ್ಲ. ಮೂಟೆಗಳ ಸಂದಿಗೆ ಹೋಗುತ್ತಿತ್ತು, ಹಗ್ಗದ ಸುರುಳಿಗೆ, ನೀರಿನ ಪೀಪಾಯಿಯ ಹಿಂದಕ್ಕೆ.

"ಆಸ್ಬರ್ಟಣ್ಣ ಎಲ್ಲೋ ಬೆಕ್ಕು ತುರುಕಿದಾನೆ. ಹುಡುಕಿ."

ಅವಳ ಅಪ್ಪನ ಕಾಲದ ನಾವಿಕ ಫಿಲೋ ಹಲಗೆ ಎತ್ತಿ ತಲೆ ತೂರಿಸಿದ. "ಬರೀ ಇಲಿಗಳು ಕಣಮ್ಮ. ಬೆಕ್ಕಿನ ಭಯ ಇದ್ದಂಗೆ ಕಾಣಲ್ಲ, ಸಂಸಾರ ಹೂಡಿದಾವೆ."

ಬೆಕ್ಕಿನ ವಾಸನೆಗೇ ಹುಚ್ಚೇಳುವ ಸಾರ್ಜೆಂಟ್ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು.

ಅರ್ಧದಾರಿಯ ಬಂಡೆ ಸುತ್ತಿ ತಿರುಗಿದ್ದೇ ಮರಳುಮೂಟೆಗಳು ಒಂದೊಂದಾಗಿ ನೀರಿಗೆ ಬಿದ್ದವು. ಎಂಟನೆಯದು ಮುಳುಗಿದಾಗ ವರ್ನಾ ತಟ್ಟನೆ ಕೈ ಎತ್ತಿದಳು.

"ನಿಲ್ಸಿ. ಮೂಟೆ ಒಳಗೇ ಹಾಕಿ ಹೊಲಿದಿದ್ರೆ?"

ಉಳಿದ ಮೂಟೆಗಳನ್ನು ಹರಿದು ನೋಡಿದರು. ಮರಳು. ಬರೀ ಮರಳು. ಅಷ್ಟರಲ್ಲಿ ಆಸ್ಬರ್ಟ್ ಸಮಕ್ಕೆ ಬಂದ, ದಾಟಿದ. ದಾಟಿ ಸ್ವಲ್ಪ ದೂರ ಹೋದ ಮೇಲೆ ಅವನ ದೋಣಿ ಹೊರೆ ಇಳಿಸಿದ ಕತ್ತೆಯ ಹಾಗೆ ಚಿಮ್ಮಿತು.

ಆಗ ಕಂಡಿತು. ಬಲಗಡೆ, ಅಲೆಗಳ ನಡುವೆ, ಕರಿಯದೊಂದು. ಮುಳುಗುತ್ತಿತ್ತು, ಏಳುತ್ತಿತ್ತು.

"ಅತ್ಲಾಗೆ ತಿರುಗಿದ್ರೆ ಪಂದ್ಯ ಹೋಯ್ತು," ಎಂದ ಫಿಲೋ.

"ಬೆಕ್ಕಿಲ್ದೆ ಮೊದಲು ಬಂದ್ರೂ ಹೋಯ್ತು. ಅದೇನೇ ಆಗಿರ್ಲಿ, ಉಸಿರಿದೆಯಲ್ಲ. ಮುಂದಿನ ಹಾಯಿ ಇಳಿಸಿ."

ಎಳೆದು ಹಾಕಿಕೊಂಡರು. ನೆನೆದು ತೊಪ್ಪೆಯಾದ ಜೀವ ಹಲ್ಲು ಕಡಿಯುತ್ತ ಇಳಿಸಿದ ಹಾಯಿಯ ಕೆಳಗೆ ಮುದುಡಿಕೊಂಡಿತು. ಸಾರ್ಜೆಂಟ್ ಎದ್ದು ಬಂದು ಮೂಸಿತು, ಬಾಲ ಅಲ್ಲಾಡಿಸಿತು. ಫಿಲೋ ಬಹಳ ಹೊತ್ತು ಬಗ್ಗಿ ನೋಡಿದ.

"ಇದೇ ಕಣಮ್ಮ, ನಮ್ಮ ಬೆಕ್ಕು," ಎಂದ ಕೊನೆಗೆ.

ವರ್ನಾ ತಲೆಯಾಡಿಸಿದಳು. "ಹೊರಗೆ ಕಾಣ್ದಂಗೆ ಮುಚ್ಚು."

ಅವರು ಬಂದು ಸೇರುವಾಗ ಆಸ್ಬರ್ಟ್ ಜಾಕ್ ಐರನ್ ರಮ್ಮಿನ ಎರಡನೇ ಬಾಟಲಿ ತೆರೆದಿದ್ದ. ಅವನ ದೋಣಿಯ ತುಂಬ ಜನ, ತಬ್ಬುವವರು, ಹಾಡುವವರು. ಮೇಷ್ಟ್ರು ಪುಸ್ತಕ ಬಿಚ್ಚಿ ಗದ್ದಲ ಅಡಗಿಸಿದರು.

"ಆಸ್ಬರ್ಟ್?"

"ಇದ್ದೀನಿ."

"ಲೆನಾಕ್ಸ್?"

"ಇದ್ದೀನಿ," ಎಂದಿತು ಒಂದು ಮೂಗುದನಿ. ನೆಗಡಿಯಿರಬೇಕು.

ಉಳಿದವರೂ ಕೂಗಿದರು. ಲೆಕ್ಕ ಸರಿಹೋಯಿತು. ಮೇಷ್ಟ್ರು ಇತ್ತ ತಿರುಗಿದರು. ವರ್ನಾ, ಫಿಲೋ, ಇನ್ನು ಮೂವರು. ಸಾರ್ಜೆಂಟ್ ತನ್ನ ಹೆಸರಿಗೆ ಬೊಗಳಿತು.

"ಬೆಕ್ಕು?"

ಆಸ್ಬರ್ಟ್ ಬಾಟಲಿ ಕೆಳಗಿಟ್ಟು ನಗಲು ಸಿದ್ಧನಾದ.

"ಬೆಕ್ಕು ಎಲ್ಲಿ ಮಗಳೇ? ಮೂರು ಸಲ ಕೂಗ್ತೀನಿ, ಅಷ್ಟೇ. ಬೆಕ್ಕು?"

"ಮಿಯಾಂವ್."

ಅಚ್ಚುಕಟ್ಟಾದ, ಬೆಳಗಿನದೇ ದನಿ. ಮೇಷ್ಟ್ರು ಗುರುತು ಹಾಕಿದರು. ಆಸ್ಬರ್ಟ್‌ನ ಮುಖ ಬೂದಿಯಾಯಿತು. ವರ್ನಾಳಿಗೆ ಮಾತ್ರ ತಡೆಯಲಾಗಲಿಲ್ಲ. ಚುಕ್ಕಾಣಿಗೆ ಹಣೆ ಹಚ್ಚಿ ಇಡೀ ಧಕ್ಕೆಗೆ ಕೇಳುವಂತೆ ನಕ್ಕಳು.

"ಹಾಜರಿ ಹೊತ್ತಲ್ಲಿ ಏನಮ್ಮ ನಗು?" ಎಂದು ಗದರಿಸಿದರು ಮೇಷ್ಟ್ರು.

ಹಾಯಿಯನ್ನು ಸರಿಸಿ ಲೆನಾಕ್ಸ್ ಎದ್ದು ನಿಂತ. "ಬೆಳಿಗ್ಗೆ ಕೂಗಿದ ಬೆಕ್ಕೂ ನಾನೇ ಮೇಷ್ಟ್ರೇ, ಈಗಿಂದೂ ನಾನೇ. ಈಜ್ಕೊಂಡು ಬಾ ಅಂತ ನಮ್ಮಣ್ಣ ನೀರಿಗೆ ದಬ್ಬಿದ್ಮೇಲೆ ಆ ದೋಣೀಲಿ 'ಇದ್ದೀನಿ' ಅಂದ ಲೆನಾಕ್ಸ್ ಯಾರೋ, ಅವನನ್ನೇ ಕೇಳಿ."