ಕೊಳದಲ್ಲಿ ಎರಡು ಮೀನು

“ಅನುಮಾನಾನೇ ಬೇಡ. ಅಸಲಿ,” ಎಂದು ಮುನಿಕೃಷ್ಣಪ್ಪ ನಾಣ್ಯವನ್ನು ದೀಪಕ್ಕೆ ಹಿಡಿದ. ಎರಡನೇ ಸಾಲಿನಲ್ಲಿ ಕುಳಿತಿದ್ದ ಶ್ರೀನಿವಾಸಮೂರ್ತಿಗಳ ಕೈ ಜೇಬಿನಲ್ಲಿದ್ದ ಕಟಿಂಗ್ ಪ್ಲೇಯರ್ ಮೇಲೆ ಬಿಗಿಯಾಯಿತು.

ಇಂದಿರಾನಗರದ ಆ ಸಭಾಂಗಣದಲ್ಲಿ ಊರಿನ ನಾಣ್ಯಸಂಗ್ರಾಹಕರೆಲ್ಲ ಸೇರಿದ್ದರು. ಅವರಿಗೆ ಮುನಿಕೃಷ್ಣಪ್ಪನ ಮಾತೇ ಕೊನೆಯ ತೀರ್ಪು. ಉಗುರಗಲದ ಆ ಬೆಳ್ಳಿತುಂಡಿನ ಮೇಲಿದ್ದ ಒಂದೊಂದು ಮುದ್ರೆಯನ್ನೂ ಅವನು ಬಣ್ಣಿಸುತ್ತಿದ್ದ. ಸೂರ್ಯ, ಆರು ಕೈಗಳ ಚಕ್ರ, ಬೆಟ್ಟ, ಮರ, ಕೊಳದಲ್ಲಿ ಎರಡು ಮೀನು. ಮೌರ್ಯರ ಕಾಲದ್ದು, ತನ್ನ ಸಂಗ್ರಹಕ್ಕೇ ಕಳಶ ಎಂದ.

ಇವೇ ಮುದ್ರೆಗಳ ನಾಣ್ಯವನ್ನು ಮೂರ್ತಿ ಹಿಂದೊಮ್ಮೆ ಇದೇ ಸಭೆಗೆ ತಂದಿದ್ದರು. ಮಗಳು ಇಂಚರಾ ಟೀಚರ್ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಅಪ್ಪನಿಗೆಂದು ಹುಡುಕಿ ತಂದ ನಾಣ್ಯ. ಮುನಿಕೃಷ್ಣಪ್ಪ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. “ಹೋದ ವಾರ ಮಾಡಿದ ಮಾಲು ಇದು. ಮಗೂಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ,” ಎಂದು ಸಭೆಯನ್ನೆಲ್ಲ ನಗಿಸಿದ್ದ. ಇಂಚರಾ ತಲೆ ಎತ್ತಿರಲಿಲ್ಲ.

ಆ ಮಳೆಗಾಲದಲ್ಲೇ ಅವಳು ಡೆಂಗಿಗೆ ಬಲಿಯಾದಳು. ಆಸ್ಪತ್ರೆಯ ಮಂಚದಲ್ಲಿ, ಜ್ವರದ ನಡುವೆ, “ನಾನು ಮೋಸ ಹೋದ್ನಾ ಅಪ್ಪಾ?” ಎಂದು ಕೇಳಿದ್ದಳು. ಇಲ್ಲವೆಂದು ಮೂರ್ತಿ ಎಷ್ಟು ಹೇಳಿದರೂ ಅವಳು ನಂಬಿದಂತೆ ಕಾಣಲಿಲ್ಲ.

ಅಂದಿನಿಂದ ಮೂರ್ತಿಗಳ ಎದೆಯಲ್ಲಿ ಒಂದೇ ಉರಿ. ಅಸಲಿಯನ್ನು ನಕಲಿ ಎಂದವನು ನಕಲಿಯನ್ನು ಅಸಲಿ ಎನ್ನಬೇಕು. ತುಂಬಿದ ಸಭೆಯಲ್ಲಿ ಎನ್ನಬೇಕು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಬೆಳ್ಳಿ ಕೆಲಸಗಾರ ಮುನಾವರ್, ಇಂಚರಾಳ ನಾಣ್ಯವನ್ನು ಮುಂದಿಟ್ಟುಕೊಂಡು ಅಂಥದ್ದೇ ಇನ್ನೊಂದನ್ನು ಮಾಡಿಕೊಟ್ಟ. ಹಳೆಯ ಮನೆತನವೊಂದು ಮಾರಲು ಕೊಟ್ಟದ್ದೆಂದು ಹೇಳಿ ಮುನಿಕೃಷ್ಣಪ್ಪನಿಗೆ ದಾಟಿಸುವುದಕ್ಕೂ ಒಪ್ಪಿದ. ಮೂರ್ತಿ ಎರಡನ್ನೂ ಮನೆಗೆ ತಂದು ಹೋಲಿಸಿ ನೋಡಿ, ಮಗಳದನ್ನು ಬೀರುವಿನಲ್ಲಿಟ್ಟು, ನಕಲನ್ನು ಪೊಟ್ಟಣ ಕಟ್ಟಿ ಹೆಂಡತಿಯ ಕೈಗೆ ಕೊಟ್ಟರು. ತಿಪ್ಪಸಂದ್ರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗಿ ಸೀತಾಲಕ್ಷ್ಮಿಯೇ ಮುನಾವರನಿಗೆ ತಲುಪಿಸಿ ಬಂದರು. ಇದೆಲ್ಲ ಬೇಡವೆಂದು ಅವರು ಒಮ್ಮೆಯೂ ಅನ್ನಲಿಲ್ಲ. ಎಂದೂ ಈ ಸಭೆಗಳತ್ತ ತಲೆ ಹಾಕದವರು ಇವತ್ತು ತಾವಾಗಿ ಸೀರೆಯುಟ್ಟು ಹೊರಟಿದ್ದರು. ಈಗ ಪಕ್ಕದಲ್ಲೇ ಕುಳಿತು, ಮುನಿಕೃಷ್ಣಪ್ಪನ ತುಟಿಗಳನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು.

ಚಪ್ಪಾಳೆ ಬಿತ್ತು. ಮೂರ್ತಿ ಎದ್ದರು. ಸೀತಾಲಕ್ಷ್ಮಿ ಅವರ ಕೋಟಿನ ಅಂಚು ಹಿಡಿದು ಏನೋ ಹೇಳಹೊರಟರು. ಮೂರ್ತಿ ಕೊಸರಿಕೊಂಡು ಮುಂದೆ ನಡೆದರು. ಮೇಜಿನ ಮೇಲಿದ್ದ ನಾಣ್ಯವನ್ನು ಯಾರೂ ತಡೆಯುವ ಮೊದಲೇ ಎತ್ತಿಕೊಂಡರು.

“ಇದು ನಕಲಿ. ನಾನೇ ಮಾಡಿಸಿದ್ದು,” ಎಂದರು. “ಎರಡು ಸಾವಿರ ವರ್ಷದ ಬೆಳ್ಳಿ ಒಳಗೇ ಪೆಡಸಾಗಿರುತ್ತೆ, ಬಗ್ಗಿಸಿದ್ರೆ ಮುರಿಯುತ್ತೆ. ಹೊಸ ಬೆಳ್ಳಿ ಬಾಗುತ್ತೆ. ನಿಮ್ಮ ಪಂಡಿತರು ಎಷ್ಟು ದೊಡ್ಡೋರು ಅಂತ ಈಗ ನೋಡಿ.”

ಮುನಿಕೃಷ್ಣಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಬೇಡ ಎಂಬಂತೆ ಕೈ ಚಾಚಿದ. ಅದನ್ನು ಕಂಡು ಮೂರ್ತಿಗಳಿಗೆ ಹೊಟ್ಟೆ ತುಂಬಿದಷ್ಟು ಹಿತವಾಯಿತು. ಕಟಿಂಗ್ ಪ್ಲೇಯರಿನ ಬಾಯಿಗೆ ನಾಣ್ಯವನ್ನು ಕಚ್ಚಿಸಿ, ಹೆಬ್ಬೆರಳಿನಿಂದ ಒತ್ತಿದರು.

ಪಟ್ ಎಂದಿತು.

ಒಂದು ಚೂರು ಪ್ಲೇಯರಿನಲ್ಲೇ ಉಳಿಯಿತು. ಇನ್ನೊಂದು ನೆಲಕ್ಕುರುಳಿತು. ಮುರಿದ ಅಂಚು ಕಲ್ಲುಸಕ್ಕರೆಯಂತೆ ಕಾಳುಕಾಳಾಗಿತ್ತು. ಮುನಾವರ್ ಎಷ್ಟೇ ಕೈಚಳಕದವನಾದರೂ ಬೆಳ್ಳಿಗೆ ವಯಸ್ಸನ್ನು ತುಂಬಲಾರ. ಹಾಗಾದರೆ ಇದು ಹೇಗೆ ಎಂದು ಮೂರ್ತಿ ಕೈಯಲ್ಲಿದ್ದ ಚೂರನ್ನೇ ನೋಡುತ್ತ ನಿಂತರು.

ಸೀತಾಲಕ್ಷ್ಮಿ ಬಗ್ಗಿ, ನೆಲದ ಮೇಲಿದ್ದ ಚೂರನ್ನು ಸೆರಗಿನಲ್ಲಿ ಎತ್ತಿಕೊಂಡರು.

“ನಮ್ಮ ಇಂಚರಾ ತಂದಿದ್ದು ಅಸಲಿ ಅಂತ ಆ ಮನುಷ್ಯನ ಬಾಯಲ್ಲೇ ಕೇಳ್ಬೇಕಿತ್ತು ರೀ ನಂಗೆ,” ಎಂದರು. “ಅದಕ್ಕೇ ಪೊಟ್ಟಣದಲ್ಲಿ ಅವಳದನ್ನೇ ಇಟ್ಟು ಕೊಟ್ಟೆ.”